ಕರೆಂಟು ಹೋಗಿ ಬಂದ ಮೇಲೆ ಇಂಟರ್‌ನೆಟ್ ಬರದಿದ್ದರೆ
(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವ ನಾನು ಇಂದು ಗೊಬ್ಬರದ ಬಗ್ಗೆ ಮಾತನಾಡುವೆನೆಂದು ತಾವು ಭಾವಿಸಿರಬಹುದು. ಆದರೆ ಇಂದಿನ ವಿಷಯ ತಮ್ಮ ಮನೆಯ ಗೋಡೆಯ ಮೇಲಿರುವ ಇಂಟರ್‌ನೆಟ್ ಪೆಟ್ಟಿಗೆ, ಅಂದರೆ ರೌಟರ್. ಮಳೆಯ ಮುನ್ಸೂಚನೆ, ಮಾರುಕಟ್ಟೆಯ ಧಾರಣೆ, ಪಹಣಿ, ಬೆಳೆ ವಿಮೆಯ ಅರ್ಜಿ ಇವೆಲ್ಲ ಈಗ ಈ ಪೆಟ್ಟಿಗೆಯ ಮೂಲಕ ಮನೆಗೇ ಬರುತ್ತಿವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಇಂಟರ್‌ನೆಟ್ ಮಾತ್ರ ಎಷ್ಟೋ ಸಲ ಬರುವುದಿಲ್ಲ. ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮಾಡಬಾರದ್ದನ್ನು ನಾನೇ ಮಾಡಿದ್ದೇನೆ. ಎರಡು ವರ್ಷಗಳ ಹಿಂದೆ ಮುಂಗಾರಿನಲ್ಲಿ ಊರಿಗೆ ಹೋಗಿದ್ದೆ. ಊರಂಚಿನ ತಗ್ಗಿನಲ್ಲಿರುವ ನಮ್ಮ ಮನೆಗೆ ಮೊಬೈಲ್ ಸಿಗ್ನಲ್ ಸಿಗದು, ರೌಟರೇ ಗತಿ. ತಮ್ಮನ ಮುಸುಕಿನ ಜೋಳಕ್ಕೆ ವಿಮೆ ಮಾಡಿಸಲು ಅಂದೇ ಕಡೆಯ ದಿನ. ಮಧ್ಯಾಹ್ನ ಗಾಳಿಮಳೆಗೆ ಹೋದ ಕರೆಂಟು ಸಂಜೆ 6 ಗಂಟೆಗೆ ಬಂತು. ಇಂಟರ್‌ನೆಟ್ ಬರಲಿಲ್ಲ. ‘ಸ್ವಲ್ಪ ಹೊತ್ತು ನೋಡೋಣ ಅಣ್ಣ’ ಎಂದು ತಮ್ಮ ಹೇಳಿದ. ನಾನು ಕೇಳದೆ, ಪೆಟ್ಟಿಗೆಯ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ತೂರಿಸಿ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದೆ. ಕಂಪನಿಯವರು ತುಂಬಿಸಿಟ್ಟಿದ್ದ ಬಳಕೆದಾರರ ಹೆಸರು, ಪಾಸ್‌ವರ್ಡ್ ಎಲ್ಲವೂ ಅಳಿಸಿಹೋದವು. ಮೇಲಿನ ಕೇರಿಯ ಮನೆಗಳಿಗೆ ರಾತ್ರಿ 8 ಗಂಟೆಗೆ ಇಂಟರ್‌ನೆಟ್ ತಾನಾಗಿಯೇ ಬಂದಿತ್ತೆಂದು ಮರುದಿನ ತಿಳಿಯಿತು. ಆ ವರ್ಷ ತಮ್ಮನ ಮೂರು ಎಕರೆ ಜೋಳಕ್ಕೆ ವಿಮೆ ಆಗಲಿಲ್ಲ. ಕಡೆಯ ದಿನದವರೆಗೆ ಬಿಟ್ಟದ್ದು ಅವನ ತಪ್ಪು, ಗುಂಡಿ ಒತ್ತಿದ್ದು ನನ್ನ ತಪ್ಪು.

ಪೈರು ಹಳದಿಯಾದ ಕೂಡಲೇ ನಾವು ಯೂರಿಯಾ ಎರಚುವುದಿಲ್ಲ. ಸಾರಜನಕದ ಕೊರತೆಯೇ, ನೀರು ನಿಂತಿದೆಯೇ, ಬೇರಿಗೆ ಹುಳು ಬಿದ್ದಿದೆಯೇ ಎಂದು ನೋಡುತ್ತೇವೆ. ರೌಟರಿನ ವಿಷಯದಲ್ಲೂ ಹಾಗೆಯೇ. ದೋಷವು ಕರೆಂಟಿನಲ್ಲಿದೆಯೋ, ಪೆಟ್ಟಿಗೆಯಲ್ಲಿದೆಯೋ, ತಂತಿಯಲ್ಲಿದೆಯೋ, ಹೊರಗಿದೆಯೋ ಎಂಬುದನ್ನು ಮೊದಲು ಗುರುತಿಸಬೇಕು. ಪೆಟ್ಟಿಗೆಯ ಮೇಲಿನ ಸಣ್ಣ ದೀಪಗಳೇ ಇದನ್ನು ಹೇಳುತ್ತವೆ. ಫೈಬರ್ ಸಂಪರ್ಕವಿರುವ ಹೆಚ್ಚಿನ ಪೆಟ್ಟಿಗೆಗಳಲ್ಲಿ ಈ ಕೆಳಗಿನ ದೀಪಗಳಿರುತ್ತವೆ.

1. ಪವರ್ ದೀಪ: ಇದು ಉರಿಯದಿದ್ದರೆ ಅಥವಾ ಪೆಟ್ಟಿಗೆ ಮತ್ತೆ ಮತ್ತೆ ಆರಿ ಹತ್ತುತ್ತಿದ್ದರೆ ಮೊದಲು ಬೇರೊಂದು ಪ್ಲಗ್ಗಿಗೆ ಹಾಕಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಅಡಾಪ್ಟರಿನ ಮೇಲೆ ಸಂಶಯಪಡಬೇಕು. 230 ವೋಲ್ಟಿನ ಮನೆಯ ಕರೆಂಟನ್ನು ಸಾಮಾನ್ಯವಾಗಿ 12 ವೋಲ್ಟಿಗೆ ಇಳಿಸುವ ಅಡಾಪ್ಟರು ವೋಲ್ಟೇಜಿನ ಏರಿಳಿತಕ್ಕೆ ಬೇಗ ಕೆಡುತ್ತದೆ. ಹೊಸದನ್ನು ತರುವಾಗ ವೋಲ್ಟು ಹಳೆಯದರಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಕೂಡದು. ಹಳೆಯ ಅಡಾಪ್ಟರನ್ನು ಅಂಗಡಿಗೆ ಒಯ್ದು, ಪಿನ್ನಿನ ಅಳತೆ ಮತ್ತು ಧನ, ಋಣ ಗುರುತುಗಳನ್ನೂ ತಾಳೆ ನೋಡಿ ತರುವುದು ಉತ್ತಮ.

2. ಎಲ್.ಓ.ಎಸ್. ದೀಪ: ಇದು ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ತಮ್ಮ ಮನೆಯವರೆಗೆ ಬರುತ್ತಿಲ್ಲವೆಂದು ಅರ್ಥ. ಗಾಳಿಗೆ ಕೊಂಬೆ ಬಿದ್ದು ತಂತಿ ತುಂಡಾಗಿರಬಹುದು, ಇಲ್ಲವೇ ಸೇವೆ ಕೊಡುವವರ ಕೇಂದ್ರದಲ್ಲಿಯೇ ಕರೆಂಟು ಇಲ್ಲದಿರಬಹುದು. ಪೆಟ್ಟಿಗೆಯನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಇದಕ್ಕೆ ಪ್ರಯೋಜನವಿಲ್ಲ. ನೆರೆಮನೆಯಲ್ಲಿ ವಿಚಾರಿಸಬೇಕು. ಅಲ್ಲಿಯೂ ಇಲ್ಲದಿದ್ದರೆ ದೋಷ ಹೊರಗಿದೆ. ಅಲ್ಲಿ ಬರುತ್ತಿದ್ದರೆ ದೂರು ಕೊಡಬೇಕು. ಫೈಬರಿನ ತುದಿಯನ್ನು ಕಿತ್ತು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್ ಕಿರಣ.

3. ಪಿ.ಓ.ಎನ್. ದೀಪ: ಮಿನುಗುತ್ತಿದ್ದರೆ ಪೆಟ್ಟಿಗೆಯು ಕೇಂದ್ರದೊಡನೆ ಸಂಪರ್ಕಕ್ಕೆ ಪ್ರಯತ್ನಿಸುತ್ತಿದೆ. ಸ್ಥಿರವಾಗಿ ಹಸಿರಾಗಿದ್ದರೆ ತಂತಿ ಸರಿಯಾಗಿದೆ.

4. ಇಂಟರ್‌ನೆಟ್ ದೀಪ: ಪಿ.ಓ.ಎನ್. ಹಸಿರಾಗಿದ್ದು ಇದು ಮಾತ್ರ ಕೆಂಪಾಗಿದ್ದರೆ ಅಥವಾ ಆರಿದ್ದರೆ 15 ನಿಮಿಷ ಕಾಯಬೇಕು. ಊರಿಗೆಲ್ಲ ಒಮ್ಮೆಲೇ ಕರೆಂಟು ಬಂದಾಗ ನೂರಾರು ಪೆಟ್ಟಿಗೆಗಳು ಒಟ್ಟಿಗೆ ಸಂಪರ್ಕ ಕೇಳುವುದರಿಂದ ತಡವಾಗುವುದುಂಟು.

ಕಾದರೂ ಬರದಿದ್ದರೆ ಪೆಟ್ಟಿಗೆಯನ್ನು ಆರಿಸಿ ಹಚ್ಚಬೇಕು. ಇದಕ್ಕೂ ಒಂದು ಕ್ರಮವಿದೆ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆ ಬೇರೆಯಾಗಿದ್ದರೆ ಎರಡನ್ನೂ ಆರಿಸಿ 1 ನಿಮಿಷ ಬಿಡಬೇಕು. ಮೊದಲು ಫೈಬರ್ ಪೆಟ್ಟಿಗೆಯನ್ನು ಹಚ್ಚಿ, ಪಿ.ಓ.ಎನ್. ದೀಪ ಸ್ಥಿರವಾದ ಮೇಲೆ ರೌಟರನ್ನು ಹಚ್ಚಬೇಕು. ಕೊನೆಯಲ್ಲಿ ಫೋನಿನ ವೈಫೈ ಆರಿಸಿ ಮತ್ತೆ ಹಾಕಬೇಕು. ಆರಿಸಿ ಹಚ್ಚುವುದರಿಂದ ಒಳಗಿನ ವಿವರಗಳು ಅಳಿಯುವುದಿಲ್ಲ. ರೀಸೆಟ್ ಗುಂಡಿಯಿಂದ ಅಳಿಯುತ್ತವೆ. ಈ ವ್ಯತ್ಯಾಸವನ್ನು ಮನೆಯವರಿಗೆಲ್ಲ, ಮುಖ್ಯವಾಗಿ ಮಕ್ಕಳಿಗೆ, ತಿಳಿಸಿಡಬೇಕು. ಸೇವೆ ಕೊಡುವವರು ಒತ್ತಿರೆಂದು ಹೇಳಿದ ಹೊರತು ಆ ಗುಂಡಿಯನ್ನು ಮುಟ್ಟಲೇಬಾರದು.

ರೋಗ ಬಂದ ಮೇಲೆ ಔಷಧಿಗಿಂತ ಬರದಂತೆ ಕಾಯುವುದು ಮೇಲು. ಕರೆಂಟು ಹೋದ ಕೂಡಲೇ ರೌಟರಿನ ಸ್ವಿಚ್ ಆರಿಸಿ, ಬಂದ 5 ನಿಮಿಷಗಳ ನಂತರ ಹಾಕಬೇಕು. ಮೊದಲ ಕೆಲವು ನಿಮಿಷಗಳಲ್ಲಿ ವೋಲ್ಟೇಜು ನಿಲ್ಲದೆ ಏರಿಳಿಯಬಹುದು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗ, ಪ್ಲಗ್ಗನ್ನೇ ಕಿತ್ತಿಡಬೇಕು. ಹೆಚ್ಚಿನ ಫೈಬರ್ ತಂತಿಯನ್ನು ತೆಂಗಿನಕಾಯಿ ಗಾತ್ರಕ್ಕಿಂತ ಚಿಕ್ಕದಾಗಿ ಸುತ್ತಬಾರದು, ಮೊಳೆಗೆ ಮಡಿಸಿ ಕಟ್ಟಬಾರದು. ಬಳಕೆದಾರರ ಹೆಸರು, ಪಾಸ್‌ವರ್ಡ್, ದೂರಿನ ಸಂಖ್ಯೆ ಇವನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಬೇಕು.

ಸಣ್ಣ ಯು.ಪಿ.ಎಸ್. ಹಾಕಿಸಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಿಸಬಹುದು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆಯ ಶಕ್ತಿ ಇರುತ್ತದೆ. ಅದರಲ್ಲಿ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ 10 ವಾಟಿನ ರೌಟರ್ ಸುಮಾರು 4 ಗಂಟೆ ನಡೆಯುತ್ತದೆ. ಆದರೆ ಕೇಂದ್ರದಲ್ಲಿಯೇ ಕರೆಂಟು ಇಲ್ಲದಿದ್ದರೆ ತಮ್ಮ ಬ್ಯಾಟರಿಯಿಂದ ಇಂಟರ್‌ನೆಟ್ ಬಾರದು ಎಂಬುದು ನೆನಪಿರಲಿ.

ವಿಸ್ತರಣಾ ಮಿತ್ರರಲ್ಲಿ ಒಂದು ಕೋರಿಕೆ. ಈ ನಾಲ್ಕು ದೀಪಗಳ ಅರ್ಥವನ್ನು ಒಂದು ಹಾಳೆಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿರಿ. ರೈತ ಬಾಂಧವರಲ್ಲಿ ಇನ್ನೊಂದು: ಅರ್ಜಿಗಳನ್ನು ಕಡೆಯ ದಿನಕ್ಕಿಂತ ಒಂದು ವಾರ ಮೊದಲೇ ಮುಗಿಸಿರಿ. ನನ್ನ ತಮ್ಮ ಈಗ ಹಾಗೆಯೇ ಮಾಡುತ್ತಾನೆ. ಅವನ ರೌಟರಿನ ಆ ರಂಧ್ರದ ಮೇಲೆ ಒಂದು ಪಟ್ಟಿ ಅಂಟಿಸಿದ್ದಾನೆ. ನಾನು ಊರಿಗೆ ಹೋದಾಗಲೆಲ್ಲ ಅದನ್ನು ನನಗೆ ತೋರಿಸುತ್ತಾನೆ.