ನಾಗಪುರದಿಂದ ಬೀದರಿಗೆ, ಕೊನೆಯ ದಿನ



ಲಡಾಖಿನ ಕಡೆಯಿಂದ ಒಬ್ಬನೇ ಮೋಟಾರ್‌ಸೈಕಲ್ಲಿನಲ್ಲಿ ಬೀದರಿಗೆ ಮರಳುವವನಿಗೆ ನಾಗಪುರದ ರಾತ್ರಿ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಹಿಮದ ಘಾಟುಗಳು ಹಿಂದಾದವು, ಪಂಜಾಬಿನ ಬಯಲು ಹಿಂದಾಯಿತು, ಸಿವನಿಯ ತೇಗದ ಕಾಡೂ ಸಂಜೆಗೇ ದಾಟಿಯಾಯಿತು. ಬೆಳಿಗ್ಗೆ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಹಿಂಗಣಘಾಟ, ಪಾಂಢರಕವಡಾ. ಪೈನಗಂಗೆ ದಾಟಿದರೆ ಆದಿಲಾಬಾದ್. ನಿರ್ಮಲ್ ಕಳೆದರೆ ಗೋದಾವರಿ. ಆಮೇಲೆ ನಮ್ಮ ಕೆಂಪು ಮಣ್ಣು. ಐನೂರು ಕಿಲೋಮೀಟರಿನ ಆಸುಪಾಸು. ಅಷ್ಟು ದೂರ ಬಂದವನಿಗೆ ಇದು ಯಾವ ಲೆಕ್ಕ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಹಾಗೆ ಅನ್ನಿಸುವುದರ ಬಗ್ಗೆಯೇ ಇವತ್ತು ನಾಲ್ಕು ಮಾತು.

ಹೊರಡುವ ಮುನ್ನ ಗಾಡಿಯವರು ಸಾಮಾನ್ಯವಾಗಿ ನಾಗಪುರದ ಸಿವಿಲ್ ಲೈನ್ಸಿನ ಝೀರೋ ಮೈಲ್ ಕಂಬದ ಎದುರು ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮರಳುಗಲ್ಲಿನ ಕಂಬ, ಪಕ್ಕದಲ್ಲಿ ನಾಲ್ಕು ಕುದುರೆಗಳ ಪ್ರತಿಮೆಗಳು. ಅಲ್ಲಿರುವ ಸರ್ವೆ ಗುರುತು 1907ನೇ ಇಸವಿಯದು. ಹೈದರಾಬಾದು 318 ಮೈಲಿ ಎಂದು ಕಂಬದ ಮೇಲೆ ಕೆತ್ತಿದ್ದಾರೆ. ಮನೆ ಇರುವ ದಿಕ್ಕನ್ನು ಕಲ್ಲಿನಲ್ಲಿ ಓದಿದ ಮೇಲೆ ಬಲಗೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತದೆ. ಸಂಜೆ ಹೊಲದಿಂದ ಮರಳುವ ಎತ್ತುಗಳು ಮನೆಯತ್ತ ಮುಖ ಮಾಡಿದೊಡನೆ ಹೆಜ್ಜೆ ಬಿರುಸಾಗುತ್ತದಲ್ಲ, ಹಾಗೆ. ಆದರೆ ಎತ್ತಿನ ಓಟಕ್ಕೆ ಒಂದು ಮಿತಿ ಇದೆ. ನಾಲ್ಕುನೂರು ಸಿಸಿ ಎಂಜಿನ್ನಿಗೆ ಇಲ್ಲ.

ಈ ದಾರಿಯಲ್ಲಿ ನಮಗಿಂತ ಮೊದಲು ಓಡಾಡಿದವರೊಬ್ಬರಿದ್ದಾರೆ. ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಸೈನಿಕ. ಮರುವರ್ಷ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಣಿ ಹಾಸಿ ನೆಲ ಅಳೆದು ಕೈ ಪಳಗಿಸಿಕೊಂಡವರು, 1802ರಲ್ಲಿ ಮದ್ರಾಸಿನಿಂದ ಇಡೀ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಶುರು ಮಾಡಿದರು. ನೂರು ಅಡಿಯ ಸರಪಣಿ ಬಿಸಿಲಿಗೆ ಹಿಗ್ಗುತ್ತದೆಂದು ಅದನ್ನು ಮರದ ತೊಟ್ಟಿಗಳಲ್ಲಿಟ್ಟು, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಲೆಕ್ಕ ಸರಿಪಡಿಸುತ್ತಿದ್ದರು. ಕೋನ ಅಳೆಯುವ ಅರ್ಧ ಟನ್ನಿನ ಥಿಯೋಡೊಲೈಟನ್ನು ಬೆಟ್ಟ, ಗೋಪುರಗಳ ಮೇಲೆ ಹತ್ತಿಸಿ, ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಇಪ್ಪತ್ತು ವರ್ಷ ಕಳೆದರು. ಕಚೇರಿಯನ್ನು ಹೈದರಾಬಾದಿನಿಂದ ನಾಗಪುರಕ್ಕೆ ಸಾಗಿಸುವಾಗ, 1823ರ ಜನವರಿಯಲ್ಲಿ, ಹಿಂಗಣಘಾಟದಲ್ಲಿ ತೀರಿಕೊಂಡರು. ನಾಗಪುರ ಇನ್ನು ಬರೀ 75 ಕಿಲೋಮೀಟರು ಇತ್ತು. ಅವರ ಸಮಾಧಿ ಅಲ್ಲೇ ಇದೆ. ಹೆದ್ದಾರಿಯಲ್ಲಿ ಹಾಯುವ ನಮ್ಮ ಹುಡುಗರು ಅಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಲಿ ಎಂಬುದು ನನ್ನ ಆಸೆ.

ನಿಲ್ಲಿಸಲು ಕಾರಣ ಇದೆ. ಸರ್ವೆಯವರಿಗೆ ಒಂದು ಪದ್ಧತಿ ಇತ್ತು. ಮೊದಲ ರೇಖೆಯನ್ನು ನೆಲದ ಮೇಲೆ ಅಳೆಯುತ್ತಾರೆ. ಆಮೇಲಿನದೆಲ್ಲ ಕೋನ ನೋಡಿ, ಗಣಿತ ಮಾಡಿ ಮುಂದೆ ಹೋಗುವುದು. ಒಂದು ಕೋನದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅದು ಮುಂದಿನದಕ್ಕೆ ಸೇರಿ ಬೆಳೆಯುತ್ತದೆ. ಹಾಗಾಗಿ ನೂರಾರು ಮೈಲಿ ಕಳೆದ ಮೇಲೆ ಕೊನೆಯ ರೇಖೆಯನ್ನು ಮತ್ತೆ ನೆಲದ ಮೇಲೆಯೇ, ಮೊದಲಿನಷ್ಟೇ ತಾಳ್ಮೆಯಿಂದ ಅಳೆದು ತಾಳೆ ನೋಡುತ್ತಿದ್ದರು. ಅಂಥ ಒಂದು ರೇಖೆ ನಮ್ಮ ಬೀದರ ಸೀಮೆಯದು. ಲ್ಯಾಂಬ್ಟನ್ 1815ರಲ್ಲಿ ಅಲ್ಲಿ ಅಳೆದಿದ್ದರು. 1841ರಲ್ಲಿ ಅದೇ ಸರ್ವೆಯ ಆಂಡ್ರ್ಯೂ ವಾ ಎಂಬವರು ಅಲ್ಲಿಯೇ ಸುಮಾರು ಎಂಟು ಮೈಲಿಯ ರೇಖೆಯನ್ನು, ಕಬ್ಬಿಣ ಮತ್ತು ಹಿತ್ತಾಳೆ ಜೋಡಿಸಿದ ಹತ್ತು ಅಡಿಯ ಸರಳುಗಳನ್ನು ಒಂದರ ಮುಂದೊಂದಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಅಳೆದರು. ಉತ್ತರದ ಸಿರೋಂಜ್ ಎಂಬ ಊರಿನಿಂದ ನಾನೂರು ಮೈಲಿಗೂ ಮಿಕ್ಕಿ ತ್ರಿಕೋನಗಳನ್ನು ಹೆಣೆದು ಬಂದು ನೋಡಿದರೆ, ಗಣಿತಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ಕೆಲವೇ ಇಂಚು. ಅವರೂ ದಣಿದಿದ್ದರು. ಆದರೂ ಕೊನೆಯ ಸರಳನ್ನು ಮೊದಲ ಸರಳಿನ ಹಾಗೆಯೇ ಇಟ್ಟರು. ಉತ್ತರದಿಂದ ಬೀದರಿಗೆ ಇಳಿದು ಬರುವ ಸವಾರನ ಕೊನೆಯ ದಿನಕ್ಕೂ ಅದೇ ತಾಳ್ಮೆ ಬೇಕು ಎಂದು ನಾನು ನಂಬಿದ್ದೇನೆ.

ಗಾಡಿಯ ಕಡೆ ನೋಡಿ. ಮೊದಲ ದಿನ ಟೈರಿನ ಗಾಳಿ ನೋಡಿದ್ದಿರಿ, ಚೈನಿಗೆ ಎಣ್ಣೆ ಬಿಟ್ಟಿದ್ದಿರಿ. ಈಗ ಚೈನು ಜಗ್ಗಿದೆ, ಬ್ರೇಕ್ ಪ್ಯಾಡ್ ಸವೆದಿದೆ, ಹಿಂದಿನ ಟೈರು ನಡುವೆ ಚಪ್ಪಟೆಯಾಗಿದೆ. ಅಂದರೆ ಪರೀಕ್ಷೆ ಹೆಚ್ಚು ಬೇಕಾದದ್ದು ಇವತ್ತೇ. ಸವಾರನ ಮೈಯೂ ಹಾಗೇ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕೈಗೂ ಕಣ್ಣಿಗೂ ಇರುವ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನ ಮಿತಿ 0.03. ನಸುಕಿನಲ್ಲಿ ಎದ್ದು ರಾತ್ರಿ ಒಂಬತ್ತಕ್ಕೆ ಊರು ಮುಟ್ಟುತ್ತೇನೆ ಎನ್ನುವವನು ಒಂದು ಹನಿ ಕುಡಿಯದೆಯೂ ಆ ಸ್ಥಿತಿಯ ಹತ್ತಿರ ಬಂದಿರುತ್ತಾನೆ. ಅದರ ಮೇಲೆ ವಿದರ್ಭದ ಬಿಸಿಲು. ನಾಗಪುರದಲ್ಲಿ ಮೇ ತಿಂಗಳ ಬಿಸಿಲು 47 ಡಿಗ್ರಿ ದಾಟಿದ್ದಿದೆ. ಮಧ್ಯಾಹ್ನ ಎರಡರಿಂದ ನಾಲ್ಕು ಮರದ ನೆರಳಲ್ಲಿ ಮಲಗಿದರೆ ಯಾವ ಊರೂ ಓಡಿಹೋಗುವುದಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರರಲ್ಲಿ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅವರಲ್ಲಿ ಎಷ್ಟೋ ಜನಕ್ಕಾಗಿ ಯಾವುದೋ ಮನೆಯಲ್ಲಿ ತಟ್ಟೆ ಹಾಕಿ ಕಾಯುತ್ತಿದ್ದಿರಬೇಕು.

ಹಾಗಾಗಿ ಮನೆಯಲ್ಲಿ ಕಾಯುವವರಿಗೂ ಒಂದು ಮಾತು ಹೇಳಲೇಬೇಕು. ‘ಎಲ್ಲಿ ಬಂದಿ?’ ‘ಊಟಕ್ಕ ಕಾಯ್ಲಿಕ್ಹತ್ತೀವಿ, ಲಗೂನ ಬಾ.’ ಇದರಲ್ಲಿ ಪ್ರೀತಿಯ ಹೊರತು ಬೇರೇನಿಲ್ಲ. ಆದರೆ ಪೈನಗಂಗೆಯ ಸೇತುವೆ ಮೇಲೆ ಆ ಮಾತು ಕೇಳಿದವನು ಗಡಿಯಾರ ನೋಡುತ್ತಾನೆ, ಮುಂದಿನ ಲಾರಿಯನ್ನು ತಿರುವಿನಲ್ಲೇ ಹಿಂದೆ ಹಾಕಲು ಹೊರಡುತ್ತಾನೆ. ಅವಸರದ ಅರ್ಧ ಪಾಲು ದಾರಿಯಲ್ಲಿ ಹುಟ್ಟಿದ್ದಲ್ಲ, ಅದು ನಮ್ಮ ಅಡುಗೆಮನೆಯಿಂದ ಹೋದದ್ದು. ಬೆಳಿಗ್ಗೆ ಅವನು ನಾಗಪುರ ಬಿಡುವ ಮುನ್ನವೇ ನೀವೇ ಫೋನ್ ಮಾಡಿ ಹೇಳಿಬಿಡಿ: ‘ಆದಿಲಾಬಾದಿನ್ಯಾಗೋ ನಿರ್ಮಲಿನ್ಯಾಗೋ ಹೊತ್ತು ಮುಳುಗಿತಂದ್ರ ಅಲ್ಲೇ ಇರಪ್ಪಾ. ನಾಳೆ ನಾಷ್ಟಾಕ್ಕ ಬಾ.’ ಹೇಳಿದ ಮೇಲೆ ಹಗಲಿಡೀ ಮತ್ತೆ ಫೋನ್ ಮಾಡಬೇಡಿ. ಗಾಡಿ ನಿಲ್ಲಿಸಿದಾಗ ಅವನೇ ಮಾಡಲಿ.