ಮನೆಯ ತೋಟಕ್ಕೊಂದು ಪುಟ್ಟ ಟ್ರ್ಯಾಕ್ಟರು

ಹೋದ ವರ್ಷ ಸಂಕ್ರಾಂತಿ ಕಳೆದ ಮೂರನೆಯ ದಿನ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅಣ್ಣ ಫೋನು ಮಾಡಿದ. "ಎತ್ತುಗಳನ್ನು ಕೊಟ್ಟುಬಿಟ್ಟೆ ಕಣೋ. ಹಬ್ಬದ ದಿನ ಕೊನೆಯ ಸಲ ಕಿಚ್ಚು ಹಾಯಿಸಿದೆ. ಇನ್ನು ನನ್ನ ಕೈಲಿ ಅವುಗಳ ಸೇವೆ ಆಗುವುದಿಲ್ಲ. ಒಂದು ಸಣ್ಣ ಟ್ರ್ಯಾಕ್ಟರು ತಗೊಳ್ಳೋಣ ಅಂತಿದ್ದೀನಿ. ನೀನು ಓದಿದವನು, ಬಂದು ಆರಿಸಿಕೊಡು" ಎಂದ. ಅಣ್ಣನಿಗೆ ಅರವತ್ತೆಂಟು ವರ್ಷ. ಇರುವುದು ಮೂರು ಎಕರೆ: ಎರಡು ಎಕರೆ ತೆಂಗು, ಒಂದು ಎಕರೆ ಅಡಿಕೆ. ಅವನ ಮಕ್ಕಳೂ ನಾನೂ ಪಟ್ಟಣದಲ್ಲಿದ್ದೇವೆ.

ಈ ಭಾಷಣವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಾರದು. ಪಟ್ಟಣದಲ್ಲಿ ಮನೆ, ಊರಿನಲ್ಲಿ ಎರಡು ಮೂರು ಎಕರೆ, ಅಲ್ಲೊಬ್ಬರು ವಯಸ್ಸಾದ ಹಿರಿಯರು. ಆಳು ಸಿಗುವುದಿಲ್ಲ, ಎತ್ತು ಸಾಕುವುದು ಕಷ್ಟ. ಅಣ್ಣನ ಮಾತಿನಂತೆ ಆರಿಸಲು ಹೊರಟ ಮೇಲೆ ನಾನು ಕಲಿತದ್ದನ್ನು, ಮೊದಲು ಮಾಡಲಿದ್ದ ತಪ್ಪನ್ನೂ ಸೇರಿಸಿ, ನಿಮ್ಮ ಮುಂದಿಡುತ್ತೇನೆ.

ಆ ತಪ್ಪು ಯಾವುದೆಂದರೆ, ಯಂತ್ರದಿಂದ ಲೆಕ್ಕ ಆರಂಭಿಸಿದ್ದು. ಎಷ್ಟು ಅಶ್ವಶಕ್ತಿ, ಯಾವ ಬಣ್ಣ, ಎಷ್ಟು ಬೆಲೆ ಎಂದು ಅಂಗಡಿಯಿಂದ ಅಂಗಡಿಗೆ ಅಲೆದೆ. ಲೆಕ್ಕ ಆರಂಭವಾಗಬೇಕಾದ್ದು ನೆಲದಿಂದ. ಊರಿನ ನಮ್ಮ ಬಂಧುವೊಬ್ಬರು ಎರಡೂವರೆ ಎಕರೆ ತೋಟಕ್ಕೆ 45 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರನ್ನು ಅಗ್ಗವಾಗಿ ಸಿಕ್ಕಿತೆಂದು ತಂದಿದ್ದರು. ಎರಡು ಟನ್ನಿನ ಆಸುಪಾಸಿನ ಭಾರ. ಸಾಲಿನ ಕೊನೆಯಲ್ಲಿ ಅದು ತಿರುಗಲಾರದೆ ನಾಲ್ಕು ತೆಂಗಿನ ಸಸಿಗಳನ್ನೂ ಬೇಲಿಯ ಎರಡು ಕಂಬಗಳನ್ನೂ ಆಹುತಿ ತೆಗೆದುಕೊಂಡಿತು. ಮಳೆ ಬಿದ್ದ ಮೇಲೆ ಓಡಿಸಿದ್ದರಿಂದ ಚಕ್ರದ ಜಾಡಿನಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗದೆ ನಿಂತಿತು. ವರ್ಷದೊಳಗೆ ಅದನ್ನು ಮಾರಿದರು. ಬಡಪಾಯಿ ಯಂತ್ರದ ತಪ್ಪೇನೂ ಇರಲಿಲ್ಲ. ಅದು ಹೊಲದ್ದು, ತೋಟದ್ದಲ್ಲ.

ಆದ್ದರಿಂದ ಮೊದಲು ತೋಟವನ್ನು ಅಳೆಯಿರಿ. ಅಡಿಕೆ ಗಿಡಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರವಿರುತ್ತದೆ. ತೆಂಗಿಗೆ 25ರಿಂದ 30 ಅಡಿ. ಪುಟ್ಟ ಟ್ರ್ಯಾಕ್ಟರುಗಳ ಅಗಲ ಮೂರರಿಂದ ನಾಲ್ಕು ಅಡಿಯ ಸುಮಾರಿನಲ್ಲಿರುತ್ತದೆ. ಕಾಗದದ ಮೇಲೆ ಬೇಕಾದಷ್ಟು ಜಾಗ ಉಳಿದಂತೆ ಕಾಣುತ್ತದೆ. ಆದರೆ ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುವಂಥವು. ಬುಡದಿಂದ ಎರಡು ಮೂರು ಅಡಿಯಾದರೂ ದೂರ ಉಳಿಯಬೇಕು, ಆಳವಾಗಿ ಕೆದಕಬಾರದು. ಹನಿ ನೀರಾವರಿಯ ಪೈಪುಗಳನ್ನು ಬದಿಗೆ ಸರಿಸಬೇಕು. ಇವೆಲ್ಲ ಕಳೆದ ಮೇಲೆ ಉಳಿಯುವ ಜಾಗವೇ ನಿಜವಾದ ಜಾಗ.

ಇದಕ್ಕೊಂದು ಸುಲಭ ಉಪಾಯವಿದೆ. ನೀವು ನೋಡಿರುವ ಟ್ರ್ಯಾಕ್ಟರಿನ ಅಗಲಕ್ಕೆ ಒಂದು ಅಡಿ ಸೇರಿಸಿ ಒಂದು ಬಿದಿರಿನ ಗಳ ಕತ್ತರಿಸಿಕೊಳ್ಳಿ. ಅದನ್ನು ಅಡ್ಡಲಾಗಿ ಹಿಡಿದು ತೋಟದ ಸಾಲುಗಳಲ್ಲಿ ನಡೆಯಿರಿ. ಎಲ್ಲಿ ತಗಲುತ್ತದೆ, ಸಾಲಿನ ಕೊನೆಯಲ್ಲಿ ತಿರುಗಲು ಎಷ್ಟು ಜಾಗವಿದೆ, ಬೇಲಿಯ ಬಾಗಿಲು ಸಾಕೇ, ಎಳೆಯ ತೆಂಗಿನ ಗರಿಗಳು ಎಷ್ಟು ಕೆಳಗೆ ಜೋತಿವೆ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಲೆನಾಡಿನ ಕಡೆ ಎರಡು ಸಾಲಿಗೊಂದರಂತೆ ಬಸಿಗಾಲುವೆ ಇರುವ ತೋಟವಾದರೆ ಗಳ ಹಿಡಿದು ನಡೆಯುವ ಶ್ರಮವೂ ಬೇಡ. ಅಲ್ಲಿ ಟ್ರ್ಯಾಕ್ಟರು ಇಳಿಯುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರವೊಂದೇ ಸಾಕು.

ಎರಡನೆಯದು ಕೆಲಸದ ಲೆಕ್ಕ. ಪುಟ್ಟ ಟ್ರ್ಯಾಕ್ಟರಿನ ಹಿಂದೆ ಒಂದು ಮೀಟರ್ ಅಗಲದ ರೋಟವೇಟರ್ ಕಟ್ಟಿ ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಗಂಟೆಗೆ 2,000 ಚದರ ಮೀಟರ್ ಆಗಬೇಕು. ತಿರುವು, ನಿಲುಗಡೆಗಳಿಗೆ ಕಾಲು ಭಾಗ ಕಳೆಯಿರಿ. 1,500 ಚದರ ಮೀಟರ್ ಉಳಿಯಿತು. ಅಂದರೆ ಸುಮಾರು 15 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಒಂದು ಎಕರೆಗೆ 2 ಗಂಟೆ 40 ನಿಮಿಷ. ನಮ್ಮ ಮೂರು ಎಕರೆಗೆ 8 ಗಂಟೆ. ವರ್ಷಕ್ಕೆ ನಾಲ್ಕು ಸಲ ಹೊಡೆದರೆ 32 ಗಂಟೆ. ಗೊಬ್ಬರ, ಕಾಯಿ, ಸೋಗೆ ಸಾಗಿಸಲು ಇನ್ನೊಂದು 40 ಗಂಟೆ ಸೇರಿಸಿದೆವು. ಒಟ್ಟು 72 ಗಂಟೆ. ಈ ಅಂಕಿಯನ್ನು ಕಂಡು ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ವರ್ಷದ 365 ದಿನ ಕೊಟ್ಟಿಗೆಯಲ್ಲಿ ನಿಲ್ಲುವ ಯಂತ್ರಕ್ಕೆ ಒಂಬತ್ತು ಹತ್ತು ದಿನದ ಕೆಲಸ!

ಈಗ ಹಣದ ಲೆಕ್ಕ. ಉಪಕರಣಗಳೂ ಸೇರಿ 4 ಲಕ್ಷ ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ನಿಮ್ಮ ಬೆಲೆ ಬೇರೆಯಾದರೆ ಅದನ್ನೇ ಇಲ್ಲಿ ಹಾಕಿಕೊಳ್ಳಿ. ಹತ್ತು ವರ್ಷದ ಮೇಲೆ 40,000 ರೂಪಾಯಿಗೆ ಹೋದೀತು. ಹಾಗಾದರೆ ಸವಕಳಿಯೇ ವರ್ಷಕ್ಕೆ 36,000. ತೊಡಗಿಸಿದ ಹಣಕ್ಕೆ ಸರಾಸರಿ ಶೇಕಡಾ 9ರ ಬಡ್ಡಿಯಂತೆ ಸುಮಾರು 20,000. ಎರಡೂ ಸೇರಿ 56,000 ರೂಪಾಯಿ. ಇದನ್ನು 72 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 780 ರೂಪಾಯಿ. ಇದರಲ್ಲಿ ಡೀಸೆಲ್ ಇಲ್ಲ, ವಿಮೆಯಿಲ್ಲ, ದುರಸ್ತಿಯಿಲ್ಲ. 15 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ, ಅದನ್ನೂ ಕೂಡಿಸಿಕೊಳ್ಳಿ.

ಈ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ನಿಮ್ಮ ಊರಿನ ಬಾಡಿಗೆ ದರವನ್ನು ವಿಚಾರಿಸಿ. 2014-15ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ನಿಮ್ಮ ಹೋಬಳಿಯಲ್ಲಿ ಸಣ್ಣ ಟ್ರ್ಯಾಕ್ಟರು ಹದ ಕಾಲಕ್ಕೆ ಸಿಗುವುದಾದರೆ ಕೊಳ್ಳುವ ಮಾತನ್ನೇ ಬಿಡಿ. ಆದರೆ "ಹದ ಕಾಲಕ್ಕೆ" ಎಂಬ ಮಾತೇ ಮುಖ್ಯ. ಮಳೆ ಬಂದ ಮೂರನೆಯ ದಿನ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕಾಗುತ್ತದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪಕ್ಕದ ತೋಟದವರನ್ನೂ ಕೇಳೋಣ. ಅವರೂ ಎತ್ತು ಮಾರಿದ್ದಾರೆ" ಎಂದ. ಲೆಕ್ಕ ನಾನು ಮಾಡಿದೆ, ಬುದ್ಧಿ ಅವನದು. ಅಕ್ಕಪಕ್ಕದ ಎರಡು ಮನೆಯವರು ಸೇರಿದರು. 72 ಗಂಟೆ 216 ಗಂಟೆಯಾಯಿತು. 780 ರೂಪಾಯಿ 260ಕ್ಕೆ ಇಳಿಯಿತು. ಹೀಗೆ ಸೇರುವವರಿಗೆ ನನ್ನದೊಂದು ಬಿನ್ನಹ: ಯಂತ್ರ ಬರುವ ಮೊದಲೇ ಕರಾರು ಬರೆದಿಡಿ. ನೋಂದಣಿ ಯಾರ ಹೆಸರಿನಲ್ಲಿ, ಸರದಿ ಹೇಗೆ, ಎಣ್ಣೆ ಬದಲಿಸುವವರು ಯಾರು, ಒಬ್ಬರು ಬಿಟ್ಟುಹೋದರೆ ಅವರ ಪಾಲೇನು ಎಂಬುದು ಕಾಗದದ ಮೇಲಿರಲಿ. ಗಂಟೆ ತೋರಿಸುವ ಮೀಟರು ಟ್ರ್ಯಾಕ್ಟರಿನಲ್ಲೇ ಇರುತ್ತದೆ; ಹತ್ತುವಾಗ ಇಳಿಯುವಾಗ ಅದನ್ನು ನೋಡಿ ಪುಸ್ತಕದಲ್ಲಿ ಬರೆದರೆ ಜಗಳಕ್ಕೆ ಎಡೆಯಿಲ್ಲ.

ಇನ್ನು ಆರಿಸುವ ಮಾತು. ಪವರ್ ಟಿಲ್ಲರ್ ಸಾಲದೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪನಿ ಸ್ಥಾಪನೆಯಾದಂದಿನಿಂದ ನಮ್ಮ ನಾಡಿಗೆ ಟಿಲ್ಲರಿನ ಪರಿಚಯ ಚೆನ್ನಾಗಿದೆ. ಬೆಲೆ ಕಡಿಮೆ, ಇಕ್ಕಟ್ಟಿನಲ್ಲಿ ತಿರುಗುತ್ತದೆ, ಕೆಸರುಗದ್ದೆಗೆ ಸೊಗಸು. ಮನೆಯಲ್ಲಿ ಗಟ್ಟಿ ತೋಳಿನ ಹುಡುಗರಿದ್ದರೆ ಅದೇ ಸಾಕು. ಆದರೆ ಅದರ ಹಿಡಿಯನ್ನು ಹಿಡಿದು ದಿನವೆಲ್ಲ ಹಿಂದೆ ನಡೆಯಬೇಕು. ಅರವತ್ತೆಂಟು ವರ್ಷದ ಭುಜಕ್ಕೆ ಆ ಅದುರಾಟ ಒಗ್ಗದು. ಹಾಗಾಗಿ ನಾವು ಕೂತು ಓಡಿಸುವುದನ್ನೇ ನೋಡಿದೆವು.

ಅಶ್ವಶಕ್ತಿಯನ್ನು ಕೇಳುವಾಗ ಎರಡು ಅಂಕಿ ಕೇಳಿ. ಒಂದು ಎಂಜಿನ್ನಿನ ಶಕ್ತಿ. ಇನ್ನೊಂದು ಹಿಂದೆ ತಿರುಗುವ ಪಿ.ಟಿ.ಓ. ದಂಡಕ್ಕೆ ತಲುಪುವ ಶಕ್ತಿ. ರೋಟವೇಟರನ್ನು ತಿರುಗಿಸುವುದು ಎರಡನೆಯದು. ಅದು ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ. ಮೀಟರ್ ಅಗಲದ ರೋಟವೇಟರಿಗೆ 15ರಿಂದ 20 ಅಶ್ವಶಕ್ತಿಯ ಎಂಜಿನ್ ಹೊಂದುತ್ತದೆ. ದಂಡದ ವೇಗ ನಿಮಿಷಕ್ಕೆ 540 ಸುತ್ತು ಎಂದಿದ್ದರೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಉಪಕರಣಗಳು ಹೊಂದುತ್ತವೆ. ಉಪಕರಣದ ತೂಕವನ್ನು ಹಿಂದಿನ ಲಿಫ್ಟು ಎತ್ತಬಲ್ಲುದೇ ಎಂಬುದನ್ನೂ ನೋಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಿದೆ. ಅಲ್ಲಿನ ವರದಿಯಲ್ಲಿ ಇಂಥ ಅಂಕಿಗಳೆಲ್ಲ ಇರುತ್ತವೆ. ಮಾರುವವರನ್ನು ಆ ವರದಿ ಕೇಳಲು ಸಂಕೋಚಪಡಬೇಡಿ.

ಎರಡು ಚಕ್ರಕ್ಕೆ ಬಲವೋ, ನಾಲ್ಕಕ್ಕೂ ಬಲವೋ? ತೇವದ ನೆಲ, ಏರುತಗ್ಗು ಇದ್ದರೆ ನಾಲ್ಕು ಚಕ್ರದ್ದು ಜಾರದೆ ಎಳೆಯುತ್ತದೆ. ಬೆಲೆ ಹೆಚ್ಚು, ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರದ ಬಲವನ್ನು ಬಿಡಿಸದಿದ್ದರೆ ಟೈರು ಬೇಗ ಸವೆಯುತ್ತದೆ. ನಮ್ಮದು ಸಮತಟ್ಟು ನೆಲ, ಒಣ ಸೀಮೆ. ಎರಡು ಚಕ್ರದ್ದೇ ಸಾಕಾಯಿತು.

ಪರೀಕ್ಷೆ ಅಂಗಡಿಯ ಮುಂದೆ ಆಗಬಾರದು, ನಿಮ್ಮ ತೋಟದಲ್ಲೇ ಆಗಬೇಕು. ಓಡಿಸುವವರೇ ಹತ್ತಿ ಕೂರಲಿ. ಕ್ಲಚ್ಚು, ಬ್ರೇಕು ಕಾಲಿಗೆ ಸಲೀಸಾಗಿ ನಿಲುಕಬೇಕು. ಉಪಕರಣವನ್ನು ಎತ್ತಿ ಐದು ನಿಮಿಷ ಬಿಡಿ, ತಾನಾಗಿ ಇಳಿಯಬಾರದು. ಆಗ ಅದರ ಕೆಳಗೆ ಯಾರೂ ಕೈಯಿಡಬಾರದು. ಕೊನೆಯದಾಗಿ, ಬಿಡಿಭಾಗ ಮತ್ತು ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾರೆ ಎಂದು ಕೇಳಿ. ಹದ ಮೀರುತ್ತಿರುವಾಗ ಒಂದು ಬೆಲ್ಟಿಗಾಗಿ ವಾರ ಕಾಯಿಸುವ ಒಳ್ಳೆಯ ಟ್ರ್ಯಾಕ್ಟರಿಗಿಂತ, ಸಂಜೆಯೊಳಗೆ ದುರಸ್ತಿಯಾಗುವ ಸಾಧಾರಣ ಟ್ರ್ಯಾಕ್ಟರು ಲೇಸು.

ಇಷ್ಟೆಲ್ಲ ಆದ ಮೇಲೆ ಒಪ್ಪಿಗೆ ಕೊಡದೆ ಉಳಿದವರು ನಮ್ಮ ಅತ್ತಿಗೆ. "ಎತ್ತು ಮನುಷ್ಯ ಬಿದ್ದರೆ ನಿಲ್ಲುತ್ತೆ. ಇದು ನಿಲ್ಲುತ್ತೇನಪ್ಪಾ?" ಎಂದು ನನ್ನನ್ನು ಕೇಳಿದರು. ನನ್ನ ಬಾಯಿ ಕಟ್ಟಿತು. ನಿಲ್ಲುವುದಿಲ್ಲ, ಅತ್ತಿಗೆ. ಅದಕ್ಕಾಗಿಯೇ ಉಳಿದ ಮಾತನ್ನು ಅವರ ಪ್ರಶ್ನೆಗೆ ಉತ್ತರವಾಗಿ ಹೇಳುತ್ತೇನೆ.

ಪುಟ್ಟದೆಂದು ಸಲುಗೆ ಬೇಡ. ಮುಕ್ಕಾಲು ಟನ್ನಿನ ಯಂತ್ರ ಮಗುಚಿದರೆ ಕೆಳಗಿರುವವನಿಗೆ ಅದು ಪುಟ್ಟದಲ್ಲ. ಸೀಟಿನ ಹಿಂದೆ ಉಕ್ಕಿನ ಕಮಾನು ಇರುವುದನ್ನೇ ಕೊಳ್ಳಿ. ಅದು ನಿಂತಿರುವಾಗ ಸೊಂಟದ ಪಟ್ಟಿ ಕಟ್ಟಿಕೊಳ್ಳಿ. ತೆಂಗಿನ ಬೊಡ್ಡೆ ಕೀಳಲು ಹಗ್ಗವನ್ನು ಎತ್ತರಕ್ಕೆ ಕಟ್ಟಿ ಎಳೆದರೆ ಮುಂಭಾಗ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಎಳೆಯುವುದೇನಿದ್ದರೂ ಕೆಳಗಿನ ಎಳೆಪಟ್ಟಿಯಿಂದಲೇ ಎಳೆಯಬೇಕು. ತಿರುಗುವ ಪಿ.ಟಿ.ಓ. ದಂಡದ ಮೇಲಿನ ರಕ್ಷಣೆಯ ಕವಚ ತೆಗೆಯಬೇಡಿ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಸೀರೆಯ ಸೆರಗಾಗಲಿ ಹೆಗಲ ಮೇಲಿನ ಟವೆಲಾಗಲಿ ಸಿಕ್ಕಿದರೆ ಕೂಗಲೂ ಸಮಯವಿಲ್ಲ. ಕೆರೆ ಏರಿ ಇಳಿಯುವಾಗ ಟ್ರೇಲರ್ ಇದ್ದರೆ ಏರಿದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ. ರಸ್ತೆಗೆ ಬರುವಾಗ ಎಡಬಲದ ಎರಡು ಬ್ರೇಕುಗಳನ್ನು ಕೊಂಡಿ ಹಾಕಿ ಜೋಡಿಸಿಕೊಳ್ಳಿ. ಮಡ್‌ಗಾರ್ಡಿನ ಮೇಲೆ ಯಾರನ್ನೂ, ಮುಖ್ಯವಾಗಿ ರಜೆಗೆ ಊರಿಗೆ ಹೋದ ನಮ್ಮ ನಿಮ್ಮ ಮಕ್ಕಳನ್ನು, ಕೂರಿಸಬೇಡಿ. ಈ ತಪ್ಪನ್ನು ಹೆಚ್ಚಾಗಿ ಮಾಡುವವರು ಪಟ್ಟಣದವರಾದ ನಾವೇ. ಫೋಟೋ ತೆಗೆಯಲೆಂದು ಕೂರಿಸುತ್ತೇವೆ.

ಅಣ್ಣನಿಗೆ ಓಡಿಸುವುದು ಹೊಸತಾದ್ದರಿಂದ ಮೊದಲ ಹತ್ತು ದಿನ ಪಕ್ಕದ ಮನೆಯ ಹುಡುಗನೇ ಜೊತೆಯಲ್ಲಿದ್ದು ಕಲಿಸಿದ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯಿದೆ. ನಮ್ಮ ಗಡಿಗೆ ಅದು ದೂರವೇನಲ್ಲ.

ಯುಗಾದಿಯ ಹೊತ್ತಿಗೆ ಟ್ರ್ಯಾಕ್ಟರು ಬಂತು. ಹೊನ್ನಾರಿನ ದಿನ ಅಣ್ಣ ಮಾತ್ರ ಊರಿನಲ್ಲಿ ಉಳಿದಿದ್ದ ಒಂದು ಜೊತೆ ಎತ್ತನ್ನು ಕೇಳಿ ತಂದು ಮೊದಲ ಸಾಲು ಹೊಡೆದ. ಎರಡನೆಯ ಸಾಲಿಗೆ ಟ್ರ್ಯಾಕ್ಟರು ಹತ್ತಿದ. ಅತ್ತಿಗೆ ಬಾನೆಟ್ಟಿಗೆ ಕುಂಕುಮವಿಟ್ಟು, "ಪಟ್ಟಿ ಕಟ್ಟಿಕೊಂಡ್ರಾ?" ಎಂದು ಕೂಗಿ ಕೇಳಿದರು. ಅಣ್ಣ ಇಳಿಯದೆ ಪಟ್ಟಿಯನ್ನು ಎತ್ತಿ ತೋರಿಸಿದ.

ನಿಮ್ಮ ಊರಿನಿಂದಲೂ ಒಂದು ದಿನ ಇಂಥ ಫೋನು ಬಂದರೆ ಅಂಗಡಿಗೆ ಹೊರಡಬೇಡಿ. ಒಂದು ಬಿದಿರಿನ ಗಳ, ಒಂದು ಪೆನ್ಸಿಲ್, ಒಂದು ಹಾಳೆ ಹಿಡಿದು ಮೊದಲು ತೋಟಕ್ಕೆ ಹೋಗಿ. ಮನೆಯ ಹೆಂಗಸರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಅವರು ಕೇಳಿಯಾರು.