ಷೇರು ಕೊಂಡು ಮನೆ ಸೇರುವ ಬಗೆ



ಅಂಗಡಿಯಲ್ಲಿ ಒಂದು ಸೈಕಲ್ ಕೊಂಡರೆ ಅದು ನಿಮ್ಮದು. ಇಷ್ಟ ಬಂದ ಬಣ್ಣ ಬಳಿಯಬಹುದು, ಬೇಡವೆನಿಸಿದಾಗ ಯಾರಿಗಾದರೂ ಮಾರಬಹುದು. ಮನೆಯೂ ಹೀಗೆಯೇ ಎಂದು ನಾವು ತಿಳಿದಿರುತ್ತೇವೆ. ಆದರೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬೇರೊಂದು ಬಗೆಯ ಮನೆಗಳಿವೆ. ಅಲ್ಲಿ ಪೂರ್ತಿ ಹಣ ಕೊಟ್ಟರೂ ಗೋಡೆ, ನೆಲ, ಚಾವಣಿ ಯಾವುದೂ ನಿಮ್ಮ ಹೆಸರಿಗೆ ಬರುವುದಿಲ್ಲ. ನಿಮ್ಮ ಕೈಗೆ ಬರುವುದು ಒಂದಿಷ್ಟು ಷೇರುಗಳು, ಜೊತೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುವ ಒಂದು ಕರಾರು ಪತ್ರ. ಇಂಥ ಸಹಕಾರಿ ವಸತಿಗೆ ಅಲ್ಲಿನವರು ‘ಕೋ-ಆಪ್’ ಎನ್ನುತ್ತಾರೆ.

ಇದರ ಏರ್ಪಾಡು ಸರಳವಾಗಿದೆ. ಇಡೀ ಕಟ್ಟಡ ಒಂದು ಸಂಸ್ಥೆಯ ಆಸ್ತಿ. ಆ ಸಂಸ್ಥೆಯ ಷೇರುದಾರರು ಯಾರೆಂದರೆ ಅಲ್ಲಿನ ನಿವಾಸಿಗಳೇ. ಮನೆ ದೊಡ್ಡದಾದಷ್ಟೂ, ಒಳ್ಳೆಯ ಅಂತಸ್ತಿನಲ್ಲಿ ಇದ್ದಷ್ಟೂ ಷೇರುಗಳು ಹೆಚ್ಚು. ಒಂದು ಮಲಗುವ ಕೋಣೆಯ ಮನೆಗೆ ಕಡಿಮೆ, ಮೂರು ಕೋಣೆಯ ಮನೆಗೆ ಜಾಸ್ತಿ. ಕಟ್ಟಡದ ತೆರಿಗೆ, ಸಾಲದ ಕಂತು, ಚಳಿಗಾಲದ ಇಂಧನ, ಕೆಲಸಗಾರರ ಸಂಬಳ ಇವೆಲ್ಲವನ್ನೂ ಷೇರುಗಳ ಲೆಕ್ಕದಲ್ಲಿ ಹಂಚಿ, ಪ್ರತಿ ತಿಂಗಳೂ ವಸೂಲು ಮಾಡುತ್ತಾರೆ. ಷೇರುದಾರರು ಮತ ಹಾಕಿ ಆರಿಸಿದ ಮಂಡಳಿ ಆಡಳಿತ ನಡೆಸುತ್ತದೆ.

ಈ ಬಗೆಯ ಮನೆಗಳಿಗೆ ಹೆಸರಾದ ಒಂದು ಬಡಾವಣೆ, ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್. 1909ರಲ್ಲಿ ಕ್ವೀನ್ಸ್‌ಬರೋ ಸೇತುವೆ ತೆರೆದಾಗ ಅಲ್ಲಿದ್ದದ್ದು ಹೊಲಗಳು. 1917ರಲ್ಲಿ ಕಂಬಗಳ ಮೇಲಿನ ರೈಲು ಬಂತು; ಹಿಂದೆಯೇ ಇಟ್ಟಿಗೆಯ ಕಟ್ಟಡಗಳೂ ಎದ್ದವು. ಸುತ್ತಲೂ ಮನೆಗಳು, ನಡುವೆ ಎಲ್ಲರಿಗೂ ಸೇರಿದ ತೋಟ. ನಮ್ಮ ತೊಟ್ಟಿಮನೆಯ ಅಂಗಳವನ್ನು ಒಂದು ಬೀದಿಯ ಅಳತೆಗೆ ಹಿಗ್ಗಿಸಿದರೆ ಹೇಗಿರುತ್ತದೆ, ಹಾಗೆ. 1993ರಲ್ಲಿ ನಗರದ ಆಡಳಿತ ಈ ಬಡಾವಣೆಯ ಒಂದು ಭಾಗವನ್ನು ಐತಿಹಾಸಿಕ ಪ್ರದೇಶವೆಂದು ಘೋಷಿಸಿತು.

ಇಂದು ಅಲ್ಲಿನ 74ನೆಯ ಬೀದಿಯಲ್ಲಿ ನಡೆದರೆ ಸೀರೆ ಅಂಗಡಿ, ಒಡವೆ ಅಂಗಡಿ, ಬೇಳೆ-ಮಸಾಲೆಯ ಅಂಗಡಿಗಳು ಸಿಗುತ್ತವೆ. ಸ್ವಲ್ಪ ದೂರ ಹೋದರೆ ಟಿಬೆಟಿನ ಮೊಮೊ, ಕೊಲಂಬಿಯಾದ ಜೋಳದ ರೊಟ್ಟಿ. ಬಂಗಾಳಿ, ನೇಪಾಳಿ, ಸ್ಪ್ಯಾನಿಷ್ ಒಂದೇ ಕೂಡುರಸ್ತೆಯಲ್ಲಿ ಕಿವಿಗೆ ಬೀಳುತ್ತವೆ. ಆದರೆ ಮೊದಲು ಹೀಗಿರಲಿಲ್ಲ ಎಂಬುದನ್ನು ಗಮನಿಸಿ. ಬಡಾವಣೆ ಕಟ್ಟಿದವರು ಆರಂಭದಲ್ಲಿ ಕರಿಯರಿಗೂ ಯಹೂದಿಗಳಿಗೂ ಮನೆ ಕೊಡುತ್ತಿರಲಿಲ್ಲ. ಹೊಸಬರನ್ನು ಆರಿಸುವ ಅಧಿಕಾರ ಕೋ-ಆಪ್‌ನಲ್ಲಿ ಇರುವುದರಿಂದ, ಬೇಡದವರನ್ನು ಬಾಗಿಲಲ್ಲೇ ತಡೆಯುವುದು ಸುಲಭವಾಗಿತ್ತು. 1965ರ ವಲಸೆ ಕಾಯಿದೆ ಏಷ್ಯಾದವರಿಗೆ ಅಮೆರಿಕದ ಬಾಗಿಲು ತೆರೆಯಿತು. 1968ರ ನ್ಯಾಯಯುತ ವಸತಿ ಕಾಯಿದೆ, ಜನಾಂಗ, ಬಣ್ಣ, ಮತ, ಮೂಲದೇಶದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಕಾನೂನುಬಾಹಿರವೆಂದು ಸಾರಿತು. ಆಮೇಲೂ ಮಂಡಳಿಗಳು ಅರ್ಜಿದಾರರ ಲೆಕ್ಕಪತ್ರ ನೋಡಿ, ಎದುರಿಗೆ ಕೂರಿಸಿ ಮಾತನಾಡಿಸಿ, ಒಪ್ಪುವ ಅಥವಾ ತಳ್ಳಿಹಾಕುವ ಪದ್ಧತಿ ಮುಂದುವರಿಯಿತು. ತಳ್ಳಿಹಾಕಿದರೆ ಕಾರಣ ಹೇಳಲೇಬೇಕೆಂಬ ಕಟ್ಟುಪಾಡು ದಶಕಗಳ ಕಾಲ ಇರಲಿಲ್ಲ. ಕಾರಣ ಹೇಳದ ಕಡೆ ಪಕ್ಷಪಾತವನ್ನು ರುಜುವಾತು ಮಾಡುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಇರಲಿ, ಒಂದು ಮಲಗುವ ಕೋಣೆಯ ಹಳೆಯ ಮನೆ ನಿಮಗೆ ದೊರೆಯಿತು ಎನ್ನೋಣ. ಅದನ್ನು ಹೊಸದು ಮಾಡಲು ಹೊರಟರೆ ಮತ್ತೆ ಮಂಡಳಿಯ ಒಪ್ಪಿಗೆ ಬೇಕು. ಇದು ಬರಿಯ ದರ್ಪವೇ? ಅಲ್ಲ, ಹಲವು ನಿಯಮಗಳ ಹಿಂದೆ ವಿಜ್ಞಾನವಿದೆ.

ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ನ್ಯೂಯಾರ್ಕ್ ನಗರ 1960ರಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ನಿಷೇಧ ಬಂದದ್ದು 1978ರಲ್ಲಿ. ಆ ಬಣ್ಣವನ್ನು ಕೆರೆದರೆ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಧೂಳಿಗೆ ನಿಮ್ಮ ಮನೆ, ಪಕ್ಕದ ಮನೆ ಎಂಬ ಭೇದವಿಲ್ಲ.

ಇನ್ನು ಚಳಿಗಾಲ. ಅನೇಕ ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಹಬೆ ಕೊಳವೆಗಳಲ್ಲಿ ಏರಿ, ಪ್ರತಿ ಕೋಣೆಯ ಕಬ್ಬಿಣದ ರೇಡಿಯೇಟರ್ ಸೇರುತ್ತದೆ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ನೀವು ಪಾಠದಲ್ಲಿ ಓದಿದ ಗುಪ್ತೋಷ್ಣ ಇದೇ! ಜಾಗ ಸಾಲದೆಂದು ಒಬ್ಬರು ರೇಡಿಯೇಟರ್ ಕಿತ್ತರೆ ಅಥವಾ ಕೊಳವೆ ಸರಿಸಿದರೆ, ಅದೇ ಸಾಲಿನ ಇತರ ಮನೆಗಳ ಶಾಖದ ಹಂಚಿಕೆ ಕೆಡಬಹುದು.

ಅಡುಗೆಮನೆಯನ್ನೋ ಬಚ್ಚಲನ್ನೋ ಕೆಳಗಿನವರ ಮಲಗುವ ಕೋಣೆಯ ಮೇಲಕ್ಕೆ ಸರಿಸಲು ಬಹಳಷ್ಟು ಕಟ್ಟಡಗಳಲ್ಲಿ ಬಿಡುವುದಿಲ್ಲ. ನೀರು ಸೋರಿದರೆ ತೊಂದರೆ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಹಾಗೆಯೇ ಮರದ ನೆಲದ ಶೇಕಡಾ 80ರಷ್ಟು ಭಾಗಕ್ಕೆ ಜಮಖಾನ ಹಾಸಬೇಕೆಂಬ ನಿಯಮವೂ ಅಲ್ಲಿ ಸಾಮಾನ್ಯ. ಹೆಜ್ಜೆಯ ಸಪ್ಪಳ ಗಟ್ಟಿ ಮರದಲ್ಲಿ ಸಲೀಸಾಗಿ ಸಾಗುತ್ತದೆ, ಮೆತ್ತನೆಯ ಹಾಸು ಅದನ್ನು ಹೀರಿಕೊಳ್ಳುತ್ತದೆ. ಮೇಲಿನ ಮನೆಯಲ್ಲಿ ಬೆಳಗಿನ ಜಾವ ಒರಳು ಗುಡುಗುವಾಗ ಕೆಳಗೆ ಪರೀಕ್ಷೆಗೆ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸಹಕಾರ ನಮಗೆ ಹೊಸದಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ಫ್ಲಾಟುಗಳಲ್ಲಿ ಮಾತ್ರ ಸಾಮಾನ್ಯವಾಗಿ ಬೇರೆ ಕ್ರಮ: ಫ್ಲಾಟು ಅವರವರ ಹೆಸರಿನಲ್ಲಿ, ಜಮೀನಿನಲ್ಲಿ ಅವಿಭಾಜ್ಯ ಪಾಲು. ಆದರೂ ನೀರು, ಲಿಫ್ಟು, ಸದ್ದು, ಬಾಡಿಗೆಗೆ ಯಾರು ಬರಬಹುದು ಎಂಬ ಜಗಳಗಳು ಎರಡೂ ಕಡೆ ಒಂದೇ.

ಆದ್ದರಿಂದ ಯಾವುದೇ ನಿಯಮ ಕಂಡಾಗ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ: ಇದು ಏನನ್ನು ತಡೆಯುತ್ತಿದೆ? ಸೋರುವ ನೀರನ್ನೋ, ವಿಷದ ಧೂಳನ್ನೋ ತಡೆಯುವ ನಿಯಮಕ್ಕೆ ಕಾರಣ ಹೇಳಲು ಯಾರೂ ಹಿಂಜರಿಯುವುದಿಲ್ಲ. ಮನುಷ್ಯರನ್ನು ತಡೆಯುವ ನಿಯಮ ಕಾರಣವನ್ನು ಬಚ್ಚಿಡುತ್ತದೆ. ನಿಮ್ಮ ವಠಾರದ, ಹಾಸ್ಟೆಲ್ಲಿನ, ಬಡಾವಣೆಯ ನಿಯಮಗಳನ್ನು ಒಮ್ಮೆ ಈ ಒರೆಗೆ ಹಚ್ಚಿ ನೋಡಿ. ನಾಳೆ ಮಂಡಳಿಯ ಕುರ್ಚಿಯಲ್ಲಿ ಕೂರುವವರು ನೀವೇ.